ಅಂಗಿ ಬಿಚ್ಚಿಸಿ ನೋಡಿದ ಬೆನ್ನು

ಆ ಬೆನ್ನಿನ ಮೇಲೆ ಗೆರೆ ಎಳೆದವಳು ನಾನೇ. ಬೇರೆಯವರ ಮೇಲೆ ಸಿಟ್ಟು ತೋರಿಸುವ ಮೊದಲು ಇದನ್ನು ಒಪ್ಪಿಕೊಂಡುಬಿಡಬೇಕು.

ದಾವಣಗೆರೆಯ ಒಂದು ಕಾಲೇಜಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದೆ. ಮೊದಲ ವರ್ಷ. ಮನೆ ಹರಿಹರದಲ್ಲಿ, ಅಬ್ಬಾ ಹಾಸಿಗೆ ಹೊಲಿಯುವವರು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅವತ್ತು ಅಂಗರಚನೆಯ ತರಗತಿಯಲ್ಲಿ ಬೆನ್ನಿನ ಸ್ನಾಯುಗಳ ಪಾಠವಿತ್ತು. ಪುಸ್ತಕದ ಚಿತ್ರ ಸಾಲದು, ಜೀವಂತ ಮೈಮೇಲೆ ಗುರುತಿಸಬೇಕು ಎಂದರು ಪ್ರೊಫೆಸರ್. ಹುಡುಗರಲ್ಲಿ ಯಾರಾದರೂ ಅಂಗಿ ತೆಗೆದು ಮುಂದೆ ಬನ್ನಿ ಎಂದಾಗ ಎಲ್ಲರೂ ಕಿಸಕ್ಕನೆ ನಕ್ಕು ತಲೆ ತಗ್ಗಿಸಿದರು. ಗೊಣಗುತ್ತಾ ಹೊರಗೆ ಹೋದ ಸರ್, ಸ್ವಲ್ಪ ಹೊತ್ತಿಗೆ ಒಬ್ಬ ಮನುಷ್ಯನನ್ನು ಕರೆದುಕೊಂಡು ಬಂದರು.

ಐವತ್ತರ ಆಸುಪಾಸಿನ ಆಳು. ಒಂದು ಕೈಯಲ್ಲಿ ನಮ್ಮ ಕಾಲೇಜಿನ ಆಸ್ಪತ್ರೆಯ ಚೀಟಿ, ಇನ್ನೊಂದು ಕೈ ಸೊಂಟದ ಮೇಲೆ. ಭಾನುವಳ್ಳಿಯವರು, ಹರಿಹರದ ಅಕ್ಕಿ ಗಿರಣಿಯೊಂದರಲ್ಲಿ ಭತ್ತದ ಚೀಲ ಹೊರುವ ಹಮಾಲಿ. ಬೆನ್ನುನೋವೆಂದು ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತಿದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

"ಇಲ್ಲೇ ನೋಡ್ತಾರೇನ್ರಿ ಡಾಕ್ಟ್ರು?" ಎಂದು ಅವರು ನಮ್ಮೆಲ್ಲರನ್ನೂ ನೋಡುತ್ತಾ ಕೇಳಿದರು.

"ಹ್ಞೂಂ, ಅಂಗಿ ಬಿಚ್ಚಪ್ಪ," ಎಂದರು ಸರ್.

ಅವರು ಬಿಚ್ಚಿದರು. ನಾವು ಐವತ್ತು ಜನ ನೋಡಿದೆವು. "ಇದು ನೋಡಿ ಬೆನ್ನು ಅಂದ್ರೆ! ಯಾವ ಜಿಮ್ಮಿಗೆ ಹೋದ್ರೂ ಇಂಥದ್ದು ಸಿಗಲ್ಲ," ಎಂದು ಸರ್ ಹೊಗಳಿ, ಚಿತ್ರ ಚೆನ್ನಾಗಿ ಬರೆಯುತ್ತಿದ್ದ ನನ್ನ ಕೈಗೆ ಮಾರ್ಕರ್ ಪೆನ್ನು ಕೊಟ್ಟರು. ಸರ್ ಹೇಳುತ್ತಾ ಹೋದರು, ನಾನು ಎಳೆಯುತ್ತಾ ಹೋದೆ. ತಲೆಬುರುಡೆಯ ಬುಡದಿಂದ ಹೆಗಲಿಗೆ ಹರಡಿ, ಬೆನ್ನಿನ ನಡುವಿಗೆ ಮೊನಚಾಗಿ ಇಳಿಯುವ ಟ್ರೆಪಿಜಿಯಸ್. ಅದು ಹೆಗಲನ್ನು ಎತ್ತಿ ಹಿಡಿಯುತ್ತದೆ. ಸೊಂಟದಿಂದ ಹೊರಟು ಕಂಕುಳ ಹಾದು ತೋಳಿಗೆ ಸೇರುವ ಲ್ಯಾಟಿಸಿಮಸ್. ಮೇಲೆತ್ತಿದ ತೋಳನ್ನು ಕೆಳಗೆ ಎಳೆಯುವುದು ಅದರ ಕೆಲಸ. ಬೆನ್ನುಮೂಳೆಯ ಎರಡೂ ಪಕ್ಕ ಉದ್ದಕ್ಕೆ ನಿಂತು, ಬಗ್ಗಿದವನನ್ನು ನೆಟ್ಟಗೆ ಮಾಡುವ ಇರೆಕ್ಟರ್ ಸ್ಪೈನೇ.

"ಬಗ್ಗಪ್ಪ," ಎಂದರು ಸರ್.

ಅವರು ಅರ್ಧಕ್ಕೆ ಬಗ್ಗಿ ನಿಂತರು. ಎಡಗಡೆಯ ಸ್ನಾಯು ಹಗ್ಗದ ಹಾಗೆ ಉಬ್ಬಿತು. "ನೋಡಿ, ಎಷ್ಟು ಚೆನ್ನಾಗಿ ಬೆಳೆದಿದೆ! ಇನ್ನೂ ಬಗ್ಗು, ಇನ್ನೂ."

ನನ್ನ ಎಡಗೈ ಬೆರಳುಗಳು ಆ ಉಬ್ಬಿನ ಮೇಲಿದ್ದವು. ಅದು ಕಟ್ಟಿಗೆಯಂತೆ ಬಿಗಿದಿತ್ತು. ಬಲಗಡೆ ಹಾಗಿರಲಿಲ್ಲ. ನಾನು ಒತ್ತಿದಾಗ ಅವರು ಹಲ್ಲು ಕಚ್ಚಿದ್ದು ಕಿವಿಗೆ ಕೇಳಿಸಿತು. ಆದರೂ ನಾನು ಎಳೆಯುವುದನ್ನು ನಿಲ್ಲಿಸಲಿಲ್ಲ. ಗೆರೆ ಸೊಟ್ಟಗಾಗದಂತೆ ಎಳೆಯುವುದೇ ನನ್ನ ಚಿಂತೆಯಾಗಿತ್ತು.

ಗಂಟೆ ಹೊಡೆಯಿತು. ಸರ್ ಕೈ ಒರೆಸಿಕೊಂಡು ಹೊರಟುಹೋದರು. ಕೆಲವರು ಮೊಬೈಲಿನಲ್ಲಿ ಬೆನ್ನಿನ ಫೋಟೊ ತೆಗೆದುಕೊಂಡರು. ಆ ಹಮಾಲಿ ಅಂಗಿ ಹಿಡಿದು ನಿಂತೇ ಇದ್ದರು.

"ತಂಗೀ, ಡಾಕ್ಟ್ರು ಏನಂದ್ರವ್ವಾ? ಏನಾಗೈತಂತೆ ನನಗ?"

ಸರ್ ಅವರ ನೋವಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಓಡಿಹೋಗಿ ನೋಡಿದರೆ ಹೊರರೋಗಿ ವಿಭಾಗದ ಬಾಗಿಲು ಹಾಕಿತ್ತು. ನಾಳೆ ಬರಲಿ ಎಂದ ಕೌಂಟರಿನವನು. ನನಗೆ ಮೈ ಉರಿದುಹೋಯಿತು. ಅವರನ್ನು ಫಿಸಿಯೋಥೆರಪಿ ವಿಭಾಗಕ್ಕೆ ಕರೆದುಕೊಂಡು ಹೋದೆ. ಊಟದ ಡಬ್ಬಿ ತೆರೆಯುತ್ತಿದ್ದ ನಮ್ಮ ಮೇಡಂ ಅದನ್ನು ಮುಚ್ಚಿಟ್ಟು ಎದ್ದರು. ಬೆನ್ನಿನ ಮೇಲಿನ ನೀಲಿ ಗೆರೆಗಳನ್ನು ನೋಡಿದರು, ನನ್ನನ್ನು ನೋಡಿದರು. "ಮೊದಲು ಸ್ಪಿರಿಟ್ ಹಾಕಿ ಒರೆಸು," ಎಂದರು. ಒರೆಸಿದೆ. ಪೂರ್ತಿ ಹೋಗಲಿಲ್ಲ.

ಅರ್ಧ ಗಂಟೆ ಪರೀಕ್ಷಿಸಿದ ಮೇಲೆ ಮೇಡಂ ರೋಗಿಗೇ ಅರ್ಥವಾಗುವಂತೆ ಕನ್ನಡದಲ್ಲಿ ಹೇಳಿದರು: "ನೋಡ್ರಿ, ನಿಮ್ಮ ಬೆನ್ನಿನ ಆಳದಾಗ ಒಂದೊಂದು ಮೂಳೆನೂ ಹಿಡಿದಿಡೋ ಸಣ್ಣ ಸಣ್ಣ ಸ್ನಾಯು ಅದಾವೆ. ಅವು ಸೋತಾವೆ. ಅವುಗಳ ಕೆಲಸಾನೂ ಮ್ಯಾಲಿನ ದೊಡ್ಡ ಸ್ನಾಯು ಮಾಡ್ತೈತೆ. ಅದಕ್ಕೇ ಬಿಗಿದು ಕುಂತೈತೆ. ಯಾವಾಗ್ಲೂ ಒಂದೇ ಹೆಗಲಿಗೆ ಹೊರ್ತೀರೇನು?"

"ಹೌದ್ರಿ. ಬಲಗಡಿ."

"ಬಲಕ್ಕೆ ಭಾರ ಬಿದ್ರೆ ಮೈ ವಾಲದಂಗೆ ಎಳೆದು ಹಿಡಿಯೋದು ಎಡಗಡಿ ಸ್ನಾಯು," ಎಂದರು ಮೇಡಂ.

ಸರ್ ಹೊಗಳಿದ ಆ ಉಬ್ಬು ಅವರ ಬಲವೇ ಆಗಿರಲಿಲ್ಲ, ಅದು ನೋವು. ಐವತ್ತು ಜನ ನೋಟ್‌ಬುಕ್ಕಿನಲ್ಲಿ ಒಬ್ಬ ಮನುಷ್ಯನ ನೋವನ್ನು 'ಉತ್ತಮ ಬೆಳವಣಿಗೆ' ಎಂದು ಬರೆದುಕೊಂಡಿದ್ದೆವು.

ಮನೆಯಲ್ಲಿ ಹೇಳಿದಾಗ ಅಬ್ಬಾ ಸೂಜಿ ಕೆಳಗಿಟ್ಟರು. "ಅಂಗಿ ಬಿಚ್ಚಿಸೋಕೆ ಮುಂಚೆ, ಪಾಠಕ್ಕೆ ಬರ್ತೀರೇನು ಅಂತ ಅವರನ್ನ ಕೇಳಿದ್ರಾ?" ಎಂದರು. ಇಲ್ಲ ಎಂದೆ. ಅವರು ಮತ್ತೆ ಸೂಜಿ ಎತ್ತಿಕೊಂಡರು.

ಮರುದಿನ ಪ್ರೊಫೆಸರ್ ಕೋಣೆಗೆ ಹೋಗಿ ಮೇಡಂ ಹೇಳಿದ್ದನ್ನು ಹೇಳಿದೆ, ಆ ರೋಗಿಯ ನೋವನ್ನು ಯಾರೂ ಕೇಳಲಿಲ್ಲ ಎಂದೂ ಹೇಳಿದೆ. ಸರ್ ಕನ್ನಡಕ ತೆಗೆದರು. "ಇದು ಕಲಿಸೋ ಆಸ್ಪತ್ರೆ ಕಣಮ್ಮ. ಪುಕ್ಕಟೆ ಬರೋರು ಇಷ್ಟು ಸಹಿಸ್ಕೋಬೇಕು. ನಿನಗೆ ಬೆನ್ನು ಕಲೀಬೇಕೋ ಬ್ಯಾಡ್ವೋ?"

"ಕಲೀಬೇಕು ಸರ್. ಹುಡುಗರದ್ದೂ ಬೆನ್ನೇ ಅಲ್ವಾ?"

"ಹೋಗು ಹೊರಗೆ."

ಆಮೇಲೆ ವರ್ಷಪೂರ್ತಿ ಸರ್ ತರಗತಿಯಲ್ಲಿ ನನ್ನನ್ನು 'ಸಮಾಜಸೇವಕಿ' ಎಂದು ಕರೆದರು. ಎಲ್ಲರೂ ನಗುತ್ತಿದ್ದರು. ಆದರೆ ಕಾಲು, ಹೊಟ್ಟೆಯ ಪಾಠ ಬಂದಾಗ ಹೊರಗಿನಿಂದ ಯಾರನ್ನೂ ಎಳೆದು ತರಲಿಲ್ಲ. ಮೂವರು ಹುಡುಗರು ತಾವಾಗಿಯೇ ಮುಂದೆ ಬಂದಿದ್ದರು.

ಆ ಹಮಾಲಿ ಅಣ್ಣ ವಾರಕ್ಕೆರಡು ಸಲದಂತೆ ಎರಡು ತಿಂಗಳು ಬಂದರು. ಅಂಗೈ, ಮಂಡಿ ಊರಿ ಒಂದು ಕೈ, ಅದರ ವಿರುದ್ಧದ ಕಾಲು ಚಾಚುವ ವ್ಯಾಯಾಮ ಹೇಳಿಕೊಟ್ಟಾಗ "ಈ ವಯಸ್ಸಿನಾಗ ಅಂಬೆಗಾಲು ಹಾಕಿಸ್ತೀಯಲ್ಲವ್ವ!" ಎಂದು ನಕ್ಕರು. ಬೆನ್ನು ಸರಿಹೋಗುವವರೆಗೆ ಗಿರಣಿಯಲ್ಲಿ ಅವರನ್ನು ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಹಾಕಿದ್ದರಂತೆ. ಬಿಗಿತ ಇಳಿಯಿತು, ಪೂರ್ತಿ ಬಗ್ಗುವಂತಾದರು. ಮತ್ತೆ ಹೊರೆ ಹೊರಲು ಶುರುಮಾಡಿ, ಹೆಗಲು ಬದಲಿಸುವುದನ್ನು ಕಲಿತರು. ಚಳಿಗೆ ಸ್ವಲ್ಪ ಹಿಡಿಯುತ್ತದೆ ಎನ್ನುತ್ತಿದ್ದರು.

ಕೊನೆಯ ದಿನ ನಾನು ತಪ್ಪಾಯ್ತು ಎಂದೆ. ಅವರಿಗೆ ಅರ್ಥವೇ ಆಗಲಿಲ್ಲ. "ಯಾಕವ್ವ? ದೊಡ್ಡೋರು ಬಿಚ್ಚು ಅಂದ್ರೆ ಬಿಚ್ಚಬೇಕಲ್ಲ. ನಮ್ದೇನೈತೆ?" ಎಂದು ಸಹಜವಾಗಿ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಪ್ರೊಫೆಸರ್ ಮಾತಿಗಿಂತ ಆ ಮಾತೇ ನನ್ನನ್ನು ಹೆಚ್ಚು ಉರಿಸಿದ್ದು. ಯಾರು, ಎಷ್ಟು ವರ್ಷ, ಎಷ್ಟು ಸಲ ಹೇಳಿ ಹೇಳಿ ಅವರಿಗೆ ಅದನ್ನು ಒಪ್ಪಿಸಿದ್ದರೋ! ಈಗ ಹರಿಹರದಲ್ಲಿ ನನ್ನದೇ ಚಿಕ್ಕ ಕ್ಲಿನಿಕ್ ಇದೆ. ಒಳಗೆ ಬಂದವರು ನಾನು ಏನೂ ಹೇಳುವ ಮೊದಲೇ ಅಂಗಿಯ ಗುಂಡಿಗೆ ಕೈ ಹಾಕುತ್ತಾರೆ. "ತಡೀರಿ, ಮೊದಲು ಕೂಡ್ರಿ, ಏನಾಗೈತೆ ಹೇಳ್ರಿ," ಎಂದು ದಿನಕ್ಕೆ ಹತ್ತು ಸಲ ಹೇಳಬೇಕಾಗುತ್ತದೆ. ಹೇಳುವಾಗಲೆಲ್ಲ ಸಿಟ್ಟು ಬರುತ್ತದೆ.