ಔಷಧಿ ಕಿಟಕಿಯ ಶಂಷಾದಕ್ಕ

ಶಂಷಾದಕ್ಕ ಮಾತ್ರೆ ಕೊಟ್ಟ ಮೇಲೂ ಅದನ್ನು ಬಿಡುತ್ತಿರಲಿಲ್ಲ. ಕಿಟಕಿಯ ಕಂಡಿಯಿಂದ ಪೊಟ್ಟಣ ಹೊರಗೆ ಬರುತ್ತಿತ್ತು, ರೋಗಿ ಕೈ ಚಾಚಿ ಹಿಡಿಯುತ್ತಿದ್ದ. ಆದರೆ ಅದರ ಇನ್ನೊಂದು ತುದಿ ಅಕ್ಕನ ಎರಡು ಬೆರಳುಗಳ ನಡುವೆಯೇ ಇರುತ್ತಿತ್ತು. "ಈಗ ನೀವ್ ಹೇಳ್ರಿ, ನಾನ್ ಕೇಳ್ತೀನಿ" ಎನ್ನುತ್ತಿದ್ದರು. ಯಾವ ಮಾತ್ರೆ, ಯಾತಕ್ಕೆ, ದಿನಕ್ಕೆಷ್ಟು, ಊಟಕ್ಕೆ ಮುಂಚೆಯೋ ಆಮೇಲೋ, ಇಷ್ಟನ್ನೂ ರೋಗಿ ತನ್ನ ಬಾಯಿಂದ ಒಪ್ಪಿಸಿದ ಮೇಲೆಯೇ ಬೆರಳು ಸಡಿಲವಾಗುತ್ತಿದ್ದವು. ತಪ್ಪಿದರೆ ಮತ್ತೆ ಮೊದಲಿಂದ. ಸಾಲಿನಲ್ಲಿ ನಿಂತವರು ಬಸ್ಸು ತಪ್ಪುತ್ತದೆಂದು ಗೊಣಗಿದರೆ, ಬಸ್ಸು ಇನ್ನೊಂದು ಬರುತ್ತದೆ ಎಂದು ತಲೆ ಎತ್ತದೆ ಹೇಳುತ್ತಿದ್ದರು.

ಹೊಳಲ್ಕೆರೆ ಸೀಮೆಯಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಆಸ್ಪತ್ರೆ ಅದು. ಅದರ ಹೆಸರು ಇಲ್ಲಿ ಬೇಡ. ಹೆಸರು ಬರೆಯಲು ಭಯವಿಲ್ಲ, ಬರೆದರೆ ಸಿಟ್ಟಿನಲ್ಲಿ ಮುಂದಿನ ಮಾತು ಕೆಡುತ್ತದೆ. ನಾನು ಹೊಸದುರ್ಗದವಳು, ನರ್ಸಿಂಗ್ ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಅಲ್ಲಿ. ಶಂಷಾದಕ್ಕ ಆಗಲೇ ಅಲ್ಲಿ ಇಪ್ಪತ್ತು ವರ್ಷಗಳಿಂದ ಫಾರ್ಮಸಿಸ್ಟ್. ಚಿತ್ರದುರ್ಗದ ಪೇಟೆಯ ಹಳೆಯ ಮನೆತನ, ಅಪ್ಪ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಕಲಾಯಿ ಬಿಟ್ಟ ಪಾತ್ರೆಯಲ್ಲಿ ಹುಳಿ ಮಾಡಿದರೆ ಊಟವೇ ವಿಷವಾಗುತ್ತದೆಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ತಾನು ಎನ್ನುತ್ತಿದ್ದರು.

ಸೇರಿದ ತಿಂಗಳಲ್ಲೇ ನನಗೆ ಅವರಿಂದ ಬೈಗುಳ ಸಿಕ್ಕಿತು. ವಾರ್ಡಿನ ತಟ್ಟೆಯಲ್ಲಿ ಎರಡು ಬಗೆಯ ಪ್ಲಾಸ್ಟಿಕ್ ಸೀಸೆಗಳಿದ್ದವು. ಒಂದರಲ್ಲಿ ಚುಚ್ಚುಮದ್ದಿಗೆ ಬೆರೆಸುವ ನೀರು, ಇನ್ನೊಂದರಲ್ಲಿ ನೇರವಾಗಿ ನರಕ್ಕೆ ಹೋದರೆ ಎದೆಬಡಿತ ನಿಲ್ಲಿಸುವ ಪೊಟ್ಯಾಸಿಯಂ. ಗಾತ್ರ, ಆಕಾರ ಎಲ್ಲ ಒಂದೇ. ನೀರೆಂದುಕೊಂಡು ನಾನು ಕೈಗೆತ್ತಿಕೊಂಡದ್ದು ಎರಡನೆಯದನ್ನು. ಏನೋ ಕೊಡಲು ಬಂದಿದ್ದ ಶಂಷಾದಕ್ಕ ನನ್ನ ಮಣಿಕಟ್ಟು ಹಿಡಿದರು.

"ಓದಿದ್ಯೋ, ನೋಡಿದ್ಯೋ?"

ನೋಡಿದೆ ಎಂದೆ.

"ನೋಡಾಕೆ ಕಣ್ಣಿದ್ರೆ ಸಾಕು. ನಿನ್ನ ಓದಾಕೆ ಅಂತ ಇಟ್ಕಂಡಿರೋದು."

ಬರೀ ಬೈದು ಹೋಗಲಿಲ್ಲ. ಆ ದಿನವೇ ಪೊಟ್ಯಾಸಿಯಮ್ಮನ್ನೆಲ್ಲ ವಾರ್ಡಿನಿಂದ ತೆಗೆಸಿ ತಮ್ಮ ಕೋಣೆಯ ಬೀರುವಿಗೆ ಒಯ್ದು ಬೀಗ ಹಾಕಿದರು. ತಪ್ಪು ಮಾಡಿದವಳನ್ನು ಬೈಯುವುದಕ್ಕಿಂತ, ತಪ್ಪಾಗಲು ಜಾಗವೇ ಇಲ್ಲದಂತೆ ಮಾಡುವುದು ದೊಡ್ಡದೆಂದು ನನಗೆ ಕಲಿಸಿದವರು ಅವರು.

ಅವರ ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ಔಷಧಿ ಪುಸ್ತಕವಿತ್ತು. ಅದರಲ್ಲೂ ಸಿಗದಿದ್ದರೆ ಒಂದು ಫಾರ್ಮಸಿ ಕಾಲೇಜಿನ ಔಷಧಿ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡುತ್ತಿದ್ದರು. ಈ ಮಾತ್ರೆಯನ್ನು ಬಸುರಿಗೆ ಕೊಡಬಹುದೆ, ಆ ಮಾತ್ರೆಯನ್ನು ಸಕ್ಕರೆ ಕಾಯಿಲೆಯ ಮಾತ್ರೆಯೊಂದಿಗೆ ನುಂಗಬಹುದೆ ಎಂದು ಕೇಳಿ, ಉತ್ತರ ಬರುವವರೆಗೆ ಔಷಧಿ ಕೊಡುತ್ತಿರಲಿಲ್ಲ. ಡಾಕ್ಟರುಗಳಿಗೆ ಇರುಸುಮುರುಸು. ಇಷ್ಟೂ ಗೊತ್ತಿಲ್ಲವೆ ಎಂದು ಒಬ್ಬರು ಎಲ್ಲರೆದುರು ನಕ್ಕಾಗ ಅಕ್ಕ ಕೊಟ್ಟ ಉತ್ತರ ಇದು: "ಗೊತ್ತಿಲ್ಲ ಅನ್ನಾಕೆ ನನಗೆ ನಾಚ್ಕೆ ಇಲ್ಲ ಸರ್. ಗೊತ್ತಿಲ್ದೆ ಕೊಡಾಕೆ ನಾಚ್ಕೆ ಐತೆ."

ಔಷಧಿ ಡಬ್ಬಿಯೊಳಗೆ ಮಡಚಿಟ್ಟ ಕಂಪನಿಯ ಚೀಟಿ ಕಂಡರೆ ಅವರಿಗೆ ಮೈಯೆಲ್ಲ ಉರಿ. ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಬರೆದ ಅದನ್ನು ಬಿಡಿಸಿ ಹಿಡಿದು, "ಇದನ್ನ ಯಾರಿಗ್ ಬರ್ದಾರೆ, ಇರುವೆಗಾ?" ಎಂದು ಕೇಳುತ್ತಿದ್ದರು. ತಾವೇ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಪೊಟ್ಟಣಕ್ಕೆ ಅಂಟಿಸುತ್ತಿದ್ದರು. ಹೊರಗಿನ ಅಂಗಡಿಯಲ್ಲಿ ಕೊಂಡ ಔಷಧಿಯನ್ನೂ ಜನ ಅವರ ಕಿಟಕಿಗೆ ತಂದು ತೋರಿಸಿಯೇ ಊರಿಗೆ ಹೋಗುತ್ತಿದ್ದರು.

ಇದೇ ಕಣ್ಣಿಗೆ ಬಿತ್ತು. ಆಸ್ಪತ್ರೆಯ ಎದುರಿಗಿದ್ದ ಮೆಡಿಕಲ್ ಅಂಗಡಿಯ ಮಾಲೀಕ ಟ್ರಸ್ಟಿನ ಕಮಿಟಿಯಲ್ಲೂ ಇದ್ದ. ತನ್ನ ಅಂಗಡಿಯ ಹುಳುಕನ್ನು ಈಯಮ್ಮ ಕಿಟಕಿಯಲ್ಲಿ ಕೂತು ಹುಡುಕುತ್ತಾಳೆಂದು ದೂರಿದ. ಆಡಳಿತಾಧಿಕಾರಿ ಲಿಖಿತ ಆದೇಶ ಹೊರಡಿಸಿದರು. ಹೊರಗೆ ಕೊಂಡ ಔಷಧಿಯ ಬಗ್ಗೆ ಕಿಟಕಿಯಲ್ಲಿ ಮಾತಾಡಕೂಡದು, ಸಾಲು ನಿಧಾನವಾಗಕೂಡದು, ಅನುಮತಿಯಿಲ್ಲದ ಚೀಟಿ ಅಂಟಿಸಕೂಡದು. ಜೀವ ಉಳಿಸುವ ಮಾತಿಗೆ ಅನುಮತಿ ಬೇಕು, ಆದರೆ ಜೀವ ಕಳೆಯುವ ಅಸಡ್ಡೆಗೆ ಯಾರ ಅನುಮತಿಯೂ ಬೇಡ. ಇವತ್ತಿಗೂ ನನಗೆ ಇದು ಅರ್ಥವಾಗಿಲ್ಲ.

ಆದೇಶ ಬಂದ ಎರಡನೇ ವಾರದಲ್ಲಿ ಬಿ.ದುರ್ಗದ ತಿಪ್ಪಮ್ಮ ತಮ್ಮ ಸೊಸೆ ರೇಣುಕಾಳೊಂದಿಗೆ ಬಂದರು. ಕೀಲುವಾತದಿಂದ ಬೆರಳು ಸೊಟ್ಟಗಾಗಿದ್ದವು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಕೀಲು ಡಾಕ್ಟರು ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ ಬರೆದರು. ಅದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ದಿನಾ ನುಂಗಿದರೆ ರಕ್ತ ಹುಟ್ಟಿಸುವ ಮಜ್ಜೆಯನ್ನೇ ಅದು ಒಣಗಿಸುತ್ತದೆ. ಡಾಕ್ಟರ ಚೀಟಿಯಲ್ಲಿ ವಾರಕ್ಕೊಂದು ಎಂದೇ ಇತ್ತು, ಆದರೆ ಇಂಗ್ಲಿಷಿನಲ್ಲಿ, ಕೋಳಿ ಕೆರೆದಂತೆ. ನಮ್ಮಲ್ಲಿ ಆ ಮಾತ್ರೆ ಇರಲಿಲ್ಲವಾಗಿ ರೇಣುಕಾ ಎದುರಿನ ಅಂಗಡಿಯಲ್ಲಿ ಕೊಂಡಳು. ಅಂಗಡಿಯವನು ಕಾಗದದ ಕವರಿನ ಮೇಲೆ ಬರೆದದ್ದು "ದಿನಾ ಬೆಳಿಗ್ಗೆ 1". ತೋರಿಸಿಕೊಂಡು ಹೋಗೋಣವೆಂದು ಅವಳು ಕಿಟಕಿಗೆ ಬಂದಳು. ಅಲ್ಲಿ ಆದೇಶದ ಪ್ರತಿ ಅಂಟಿಸಿತ್ತು. ಕಾವಲಿಗೆ ನಿಲ್ಲಿಸಿದ್ದ ಮನುಷ್ಯ, ಅಕ್ಕ ತಲೆ ಎತ್ತುವ ಮೊದಲೇ ಅವಳನ್ನು ಸಾಲಿನಿಂದ ಆಚೆ ಕಳಿಸಿದ.

ಹನ್ನೆರಡನೇ ದಿನ ರೇಣುಕಾ ಒಬ್ಬಳೇ ಮತ್ತೆ ಬಂದಳು. ಅತ್ತೆಗೆ ಬಾಯಿತುಂಬ ಹುಣ್ಣು, ಉಷ್ಣ ಆಗಿದೆ, ಏನಾದರೂ ಕೊಡಿ ಎಂದಳು. ಬೇರೆ ಏನು ಮಾತ್ರೆ ನುಂಗುತ್ತಾರೆ ಎಂದು ಅಕ್ಕ ಕೇಳಿದಾಗ ಸೆರಗಿನ ಗಂಟಿನಿಂದ ಆ ಕವರು ತೆಗೆದಳು. ನಾನು ಪಕ್ಕದಲ್ಲೇ ಇದ್ದೆ. ಅಕ್ಷರಗಳನ್ನು ಕಣ್ಣಾರೆ ಓದಿದೆ. ಅಕ್ಕ ಕಿಟಕಿ ಮುಚ್ಚಿ, ಪುಸ್ತಕ ಎತ್ತಿಕೊಂಡು ಡ್ಯೂಟಿ ಡಾಕ್ಟರ ಕೋಣೆಗೆ ಓಡಿದರು. ಆಂಬುಲೆನ್ಸು ಬಿ.ದುರ್ಗಕ್ಕೆ ಹೋಗಿ ತಿಪ್ಪಮ್ಮನನ್ನು ಹತ್ತಿಸಿಕೊಂಡು ನೇರ ದಾವಣಗೆರೆಗೆ ಹೋಯಿತು. ಅಲ್ಲಿ ಅವರು ಆರು ದಿನ ಬದುಕಿದ್ದರು.

ಮಣ್ಣು ಮಾಡಿ ಬಂದವರು ಹಣೆಬರಹ ಎಂದರು. ಆಸ್ಪತ್ರೆಯ ಆಫೀಸಿನಲ್ಲೂ ಅದೇ ಮಾತು. ಅಕ್ಕ ಅಲ್ಲೇ ನಿಂತು ಹೇಳಿದರು: "ಹಣೆ ಮ್ಯಾಲಿನ ಬರಹ ಅಲ್ಲ ಇದು. ಕವರ್ ಮ್ಯಾಲಿನ ಬರಹ."

ದೂರು ಬರೆದು, ಅದಕ್ಕೆ ಆ ಕವರನ್ನು ಪಿನ್ನು ಹಾಕಿ ಆಫೀಸಿಗೆ ಕೊಟ್ಟರು. ಅದೇ ಅವರು ಮಾಡಿದ ತಪ್ಪು. ಅವರ ಬಳಿ ಇದ್ದದ್ದು ಕ್ಯಾಮೆರಾ ಇಲ್ಲದ, ಗುಂಡಿ ಒತ್ತುವ ಹಳೆಯ ಫೋನು, ನನ್ನದರಲ್ಲಿ ಒಂದು ಫೋಟೊ ತೆಗೆಯಬೇಕೆಂದು ನನಗೆ ಹೊಳೆಯಲಿಲ್ಲ. ವಿಚಾರಣೆಗೆ ಕಮಿಟಿ ಕೂತಾಗ ಕಡತದಲ್ಲಿ ಕವರೇ ಇರಲಿಲ್ಲ. ಅಂಥದ್ದನ್ನು ಅಕ್ಕ ಕೊಟ್ಟೇ ಇಲ್ಲ ಎಂದರು ಆಫೀಸಿನವರು. ಕವರು ನೋಡಿದವಳೆಂದು ನನ್ನನ್ನು ಕರೆದರು. ಒಳಗೆ ಹೋಗುವ ಮೊದಲು ಆಡಳಿತಾಧಿಕಾರಿ ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲವೆಂದು ಬಹಳ ಮೆದುವಾಗಿ ನೆನಪಿಸಿದ್ದರು.

ಸರಿಯಾಗಿ ನೆನಪಿಲ್ಲ ಎಂದೆ.

ಶಂಷಾದಕ್ಕ ನನ್ನ ಕಡೆ ತಿರುಗಲೂ ಇಲ್ಲ. ಮನೆಯವರು ಅಜ್ಞಾನದಿಂದ ಔಷಧಿಯನ್ನು ತಪ್ಪಾಗಿ ಕೊಟ್ಟಿದ್ದಾರೆಂದು ಕಮಿಟಿ ಬರೆಯಿತು, ಅದರ ಪ್ರತಿ ತಿಪ್ಪಮ್ಮನ ಮನೆಗೂ ಹೋಯಿತು. ರೇಣುಕಾ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು. ಬರೆದದ್ದನ್ನು ಬರೆದ ಹಾಗೆಯೇ ಓದಿ, ಒಂದು ದಿನವೂ ತಪ್ಪಿಸದೆ ಕೊಟ್ಟಿದ್ದಳು. ಅವಳಿಗೆ ಅಜ್ಞಾನಿ ಎಂಬ ಹೆಸರು ಬಂತು, ಬರೆದವನಿಗೆ ಏನೂ ಬರಲಿಲ್ಲ. ಅಕ್ಕನನ್ನು ಅದೇ ಟ್ರಸ್ಟಿನ ಧರ್ಮಪುರದ ಕ್ಲಿನಿಕ್ಕಿಗೆ ಎತ್ತಿಹಾಕಿದರು. ನಾನು ಕಾಯಂ ಆದೆ.

ನಾಲ್ಕು ವರ್ಷ ಹೇಗೋ ನುಂಗಿಕೊಂಡಿದ್ದು, ಒಂದು ದಿನ ಹಿರಿಯೂರಿಗೆ ಹೋಗಿ ಧರ್ಮಪುರದ ಬಸ್ಸು ಹತ್ತಿದೆ. ಅಕ್ಕ ಇನ್ನಷ್ಟು ತೆಳ್ಳಗಾಗಿದ್ದರು. ಗಡಿಯಾಚೆಯಿಂದ ಬರುವವರಿಗೆಂದು ತೆಲುಗು ಅಕ್ಷರ ಕಲಿತು, ಚೀಟಿಗಳನ್ನು ಎರಡೂ ಭಾಷೆಯಲ್ಲಿ ಬರೆಯುತ್ತಿದ್ದರು. ಕುಂತ್ಕ ಎಂದರು, ಚಹಾ ತರಿಸಿದರು. ನಾನು ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಸಮಾಧಾನ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ.

"ನಂಗ್ ಯಾಕಮ್ಮ ಹೇಳ್ತೀಯ? ಕವರ್ ನಾನೂ ನೋಡೀನಿ. ಅತ್ತೇನ ತಾನೇ ಸಾಯ್ಸಿದೆ ಅನ್ಕಂಡು ಒಂದು ಹೆಣ್ಣು ಬದುಕ್ತಾ ಐತೆ. ಅವಳ ಮುಂದೆ ಹೋಗಿ ಅಳು."

ಬಸ್ಸಿನವರೆಗೂ ನನ್ನ ಜೊತೆ ಬಂದರು. ಹತ್ತುವಾಗ ಬೆನ್ನ ಮೇಲೆ ಒಮ್ಮೆ ಕೈ ಇಟ್ಟರು, ಅಷ್ಟೇ. ಅದೇ ನಮ್ಮ ಕೊನೆಯ ಭೇಟಿ.

ಮಾರನೆಯ ದಿನವೇ ಬಿ.ದುರ್ಗಕ್ಕೆ ಹೋದೆ. ರೇಣುಕಾ ಜಗಲಿಯ ಮೇಲೆ ಮೆಕ್ಕೆಜೋಳ ಬಿಡಿಸುತ್ತ ಕೂತಿದ್ದಳು. ಅತ್ತೆ ಸತ್ತ ದಿನದಿಂದ ಆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಮಾತ್ರೆ ಕೊಡುವವನು ಅವಳ ಗಂಡ, ಅವಳಿಗೆ ಮುಟ್ಟಲು ಬಿಟ್ಟಿರಲಿಲ್ಲವಂತೆ. ಗಂಡನನ್ನೂ ಕರೆಸಿ, ಇಬ್ಬರೆದುರೂ ಹೇಳಿದೆ. ಕವರಿನ ಮೇಲೆ ಏನಿತ್ತು, ನಾನು ಏನು ಸುಳ್ಳು ಹೇಳಿದೆ, ಯಾಕೆ ಹೇಳಿದೆ. ಅದನ್ನೆಲ್ಲ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಗಂಡ ತಲೆ ತಗ್ಗಿಸಿದ. ರೇಣುಕಾ ಕಾಗದವನ್ನು ಕೊನೆಯವರೆಗೆ ಓದಿ ಹೇಳಿದಳು: "ಆ ಅಕ್ಕ ಆಗ್ಲೇ ಮನೆತಂಕ ಬಂದು ನಿಂದೇನೂ ತಪ್ಪಿಲ್ಲ ಅಂದಿದ್ರು. ಅವರೊಬ್ರೇ ಹಂಗಂದ್ರೆ ನಂಬೋದು ಹೆಂಗ್ರಿ? ನಾನೇ ತಪ್ಪು ಓದಿದ್ನೇನೋ ಅಂತ ಆ ಎರಡು ಪದನೇ ದಿನಾ ಮನಸ್ನಾಗೆ ಓದ್ಕಂತಾ ಕುಂತಿದ್ದೆ."

ನನ್ನ ಹೇಳಿಕೆಯ ಮೇಲೆ ಅವರು ದೂರು ಕೊಟ್ಟಿದ್ದಾರೆ, ಅದು ಇನ್ನೂ ನಡೆಯುತ್ತಿದೆ. ನಾನು ಆ ಕೆಲಸದಲ್ಲಿಲ್ಲ. ಎದುರಿನ ಅಂಗಡಿ ಈಗಲೂ ತೆರೆದಿದೆ, ಡಬ್ಬಿಯೊಳಗಿನ ಚೀಟಿ ಈಗಲೂ ಇಂಗ್ಲಿಷಿನಲ್ಲೇ ಇದೆ.

ಶಂಷಾದಕ್ಕ ನಿವೃತ್ತರಾದ ವರ್ಷವೇ ಹೃದಯ ನಿಂತು ತೀರಿಕೊಂಡರು. ಸುದ್ದಿ ಕೇಳಿ ಚಿತ್ರದುರ್ಗದ ಅವರ ಮನೆಗೆ ಹೋದೆ. ಚಾಪೆಯ ಮೇಲೆ ಹೆಂಗಸರು ಕೂತಿದ್ದರು. ಸ್ವಲ್ಪ ಹೊತ್ತಿಗೆ ರೇಣುಕಾ ಬಂದಳು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರಲೋ ಬೇಡವೋ ಎಂದು ನಿಂತಳು. ಅಕ್ಕನ ನಾದಿನಿ ಎದ್ದುಹೋಗಿ, ಯಾರಮ್ಮ ನೀವು, ಏನಾಗಬೇಕು ಎಂದು ಕೇಳಿದರು.

ರೇಣುಕಾ ತಲೆಯ ಮೇಲೆ ಸೆರಗೆಳೆದುಕೊಂಡು ಹೇಳಿದಳು: "ನಾನು ಪೇಷೆಂಟ್ ಕಡೆಯೋಳು."

ನಾದಿನಿ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.