ರೈಲಿಲ್ಲದ ಊರಿನ ರೈಲು ಡಬ್ಬಿ

ಆ ರೈಲು ಡಬ್ಬಿಗೆ ನಾವು ಎರಡು ಓಣಿಯವರು ಕೂಡಿ ಕೊಟ್ಟದ್ದು ಹದಿನೆಂಟು ಸಾವಿರ ರೂಪಾಯಿ. ಹುಬ್ಬಳ್ಳಿಯ ಗುಜರಿ ವ್ಯಾಪಾರಿ ಬಾಯಿಬಿಟ್ಟು ಕೇಳಿದ್ದು ಮೂವತ್ತು. ಲಾರಿ ಬಾಡಿಗೆ ಬೇರೆ. ಅಷ್ಟು ಕೊಟ್ಟದ್ದು ಯಾಕೆಂದರೆ ಅದೇ ಅಳತೆಯ ಒಂದು ಖೋಲಿ ಕಟ್ಟಿಸಲು ಅದರ ಮೂರು ಪಟ್ಟು ಬೇಕಿತ್ತು. ದುಡ್ಡು ಕೂಡಿಸಿದ್ದರೂ ಕಟ್ಟುವ ಹಾಗಿರಲಿಲ್ಲ.

ನಾನಾಗ ಬೈಲಹೊಂಗಲದಲ್ಲಿ ಹಳೇ ಬಾಗಿಲು, ಕಿಟಕಿ, ತೊಲೆಗಳ ವ್ಯಾಪಾರ ಮಾಡುತ್ತಿದ್ದೆ. ಅರಳೆ ಮಾರುಕಟ್ಟೆಯಲ್ಲಿ ಹತ್ತಿಯ ಅಂಡಿಗೆ ಹೊರುತ್ತ ಸುರುಮಾಡಿದವನು, ಕೆಡವಿದ ಮನೆಗಳ ಮರ ಕೊಂಡು ಮಾರುತ್ತ ಸ್ವಂತ ವಖಾರಿ ಮಾಡಿಕೊಂಡಿದ್ದೆ. ನನ್ನ ವಖಾರಿಯ ಹತ್ತಿರ ಮೇಲಿನ ಓಣಿ, ಕೆಳಗಿನ ಓಣಿ ಅಂತ ಎರಡು. ಎರಡೂ ಓಣಿಯ ಹುಡುಗಿಯರಿಗೆ ಹೊಲಿಗೆ ಕಲಿಸುವವಳು ಒಬ್ಬಳೇ. ಎಲ್ಲರೂ ಅವಳನ್ನು ಅಕ್ಕ ಎಂಬರ್ಥದಲ್ಲಿ ಆಪಾ ಅನ್ನುತ್ತಿದ್ದರು. ನನ್ನ ಹೆಂಡತಿಯೂ ಅವಳ ಕೈಯಲ್ಲೇ ಕಲಿತವಳು. ಆಪಾಳ ಬಾಡಿಗೆ ಖೋಲಿಯನ್ನು ಮಾಲೀಕ ಉಳ್ಳಾಗಡ್ಡಿ ಚೀಲ ಇಡಲಿಕ್ಕೆಂದು ಬಿಡಿಸಿಕೊಂಡ. ರಾಮದುರ್ಗದಲ್ಲಿದ್ದ ಅವಳ ಅಣ್ಣ ಮಶಿನ್‌ಗಳನ್ನೆಲ್ಲ ತಗೊಂಡು ಇಲ್ಲಿಗೇ ಬಾ ಅಂದ. ರಮಜಾನ್ ಹೊಲಿಗೆ ಸುರುವಾಗುವುದರೊಳಗೆ ಜಾಗ ಸಿಗದಿದ್ದರೆ ಹೋಗುವವಳೇ ಎಂದು ಆಪಾ ಹೇಳಿಬಿಟ್ಟಿದ್ದಳು. ಅವಳು ಹೋದರೆ ಎಂಟು ಮಶಿನ್ ಹೋಗುತ್ತವೆ, ಅವುಗಳ ಮೇಲೆ ಕೂತು ನಾಲ್ಕು ಕಾಸು ಗಳಿಸಲು ಕಲಿಯುತ್ತಿದ್ದ ಹುಡುಗಿಯರು ಮನೆಯಲ್ಲೇ ಕೂಡುತ್ತಾರೆ.

ಎರಡು ಓಣಿಗಳ ನಡುವೆ ಒಂದು ಖಾಲಿ ಜಾಗವಿತ್ತು. ಅದರ ಯಜಮಾನರು ಮುರಗೋಡದ ಕಡೆಯ ಹೊಲಮನೆಯವರು. ಕೇಳಲು ಹೋದಾಗ ಚಹಾ ಕುಡಿಸಿ, ಧಾರಾಳವಾಗಿ ಬಳಸಿಕೊಳ್ಳಿ ಅಂದರು. ಆದರೆ ಅಣ್ಣತಮ್ಮಂದಿರ ಪಾಲು ಆಗಿಲ್ಲ, ಆದ್ದರಿಂದ ಬುನಾದಿ ಅಗಿಯುವಂತಿಲ್ಲ ಎಂಬ ಒಂದೇ ಕರಾರು ಹಾಕಿದರು. ಬುನಾದಿ ಇಲ್ಲದ ಖೋಲಿ ಎಲ್ಲಿಂದ ತರುವುದು? ಅದೇ ಹೊತ್ತಿಗೆ ಹುಬ್ಬಳ್ಳಿ ಕಡೆಯ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುತ್ತಿದ್ದರು, ಹಳೇ ಡಬ್ಬಿಗಳು ಗುಜರಿಗೆ ಬರುತ್ತಿದ್ದವು. ಸಾಗವಾನಿ ನೋಡಲು ಹುಬ್ಬಳ್ಳಿಗೆ ಹೋದಾಗ ಇದು ಕಣ್ಣಿಗೆ ಬಿತ್ತು. ಬ್ರಿಟಿಷರ ಕಾಲದ ಗಿಡ್ಡ ಡಬ್ಬಿ, ಗಾಲಿ ಮೊದಲೇ ಬಿಚ್ಚಿದ್ದರು. ಮೈಯೆಲ್ಲ ಸಾಗವಾನಿ. ಬಣ್ಣದ ಮೇಲೆ ಬಣ್ಣ ಬಳಿದು ಅದರ ಮುಖವೇ ಕಾಣದಂತಾಗಿತ್ತು. ನಾನು ಎಲ್ಲರ ಮುಂದೆ ಮೂಗು ಮುರಿದೆ, ಎರಡು ಸಲ ಹೊರಗೆ ಹೋದೆ, ಮೂರನೇ ಸಲ ಕರೆದಾಗ ಬೆಲೆ ಇಳಿದಿತ್ತು.

ಡಬ್ಬಿ ತಂದದ್ದು ಕೆಳಗಿನ ಓಣಿಯ ಚಾಚಾ. ವಯಸ್ಸಾದ ಲಾರಿ ಡ್ರೈವರ್, ಜಾತ್ರೆ ಸಂತೆಗಳಿಗೆ ಎತ್ತು ಸಾಗಿಸಿ ಹೆಸರು ಮಾಡಿದವರು. ಕಿತ್ತೂರಿನಲ್ಲಿ ಚಹಾಕ್ಕೆ ನಿಂತಾಗ ಲಾರಿಯ ಸುತ್ತ ಜನ ಸೇರಿದರು. ಒಬ್ಬ ಅಜ್ಜಿ ಡಬ್ಬಿಯನ್ನು ಮೇಲೆ ಕೆಳಗೆ ನೋಡಿ, “ಇದು ಸವದತ್ತಿ ಗುಡ್ಡಕ್ಕ ಹೊಕ್ಕೈತೇನ ತಮ್ಮಾ?” ಅಂದಳು. ಚಾಚಾ ನಗದೆ, “ಬೈಲಹೊಂಗಲಕ್ಕ ಮುಟ್ಟಿದ ಮ್ಯಾಲೆ ಮುಂದಿಂದು ನೋಡೂಣು ಯವ್ವಾ. ನಮ್ಮೂರಿಗೆ ರೈಲ ಬರಾಕ ಹತ್ತಿದ್ದ ಇದು ಮೊದಲನೇ ಸಲ” ಅಂದರು.

ಊರಿಗೆ ಬಂತು, ಓಣಿಯೊಳಗೆ ಲಾರಿ ತಿರುಗಲಿಲ್ಲ. ಆಗ ಮುಂದೆ ಬಂದವರು ಮೇಲಿನ ಓಣಿಯ ಕಾಕಾ, ಹೊಲ ಎತ್ತು ಎಲ್ಲ ಇದ್ದ ಒಕ್ಕಲುತನದ ಹಿರಿಯರು. ಮರದ ದಿಮ್ಮಿಗಳ ಮೇಲೆ ಡಬ್ಬಿ ಇಳಿಸಿ, ಎತ್ತಿನ ಜೋಡಿಗಳನ್ನು ಹೂಡಿ, ಹಿಂದಿನ ದಿಮ್ಮಿ ತೆಗೆದು ಮುಂದಕ್ಕೆ ಹಾಕುತ್ತ ಹಾಕುತ್ತ ಎಳೆಸಿದರು. ರೈಲು ಎಳೆದ ಎತ್ತುಗಳು ಅಂತ ಆ ಜೋಡಿಗಳಿಗೆ ಆಮೇಲೆ ಸಂತೆಯಲ್ಲಿ ಬೇಡಿಕೆ ಹೆಚ್ಚಿತು. ಇದು ಕಾಕಾ ಹೇಳಿದ ಮಾತು, ಅರ್ಧ ನಂಬಿ.

ಆಮೇಲೆ ಸುರುವಾಯಿತು ರಿಪೇರಿ. ಒಡೆದ ಗಾಜಿನ ಚೂರಿನಿಂದ ಹೆಂಗಸರು ಬಣ್ಣ ಹೆರೆದರು. ಹುಣಸೆಹಣ್ಣು ತಿಕ್ಕಿದ ಮೇಲೆ ಹಿತ್ತಾಳೆಯ ಕೊಂಡಿಗಳು ಬಂಗಾರದಂತಾದವು. ಕೊಳೆತ ಹಲಗೆಗಳ ಜಾಗಕ್ಕೆ ನನ್ನ ವಖಾರಿಯ ಹಳೇ ಬಾಗಿಲುಗಳನ್ನು ಕೊಯ್ದು ಕೂಡಿಸಿದೆವು. ಅಗಸೆ ಎಣ್ಣೆ ಕುಡಿದ ಸಾಗವಾನಿ ಹೊಳೆಯತೊಡಗಿದಾಗ, ಮೂಗು ಮುರಿದು ಕೊಂಡದ್ದು ನಾನೇ ಎಂಬುದು ನನಗೇ ಮರೆತುಹೋಯಿತು. ಒಂದು ಮಧ್ಯಾಹ್ನ ಬಾಗಿಲ ಪಕ್ಕ ಹೆರೆಯುತ್ತಿದ್ದ ಹುಡುಗಿ ಕೂಗಿದಳು. ಬಣ್ಣದ ಅಡಿಯಿಂದ ಹಳೇ ಕಾಲದ ಅಕ್ಷರ ಎದ್ದು ಬಂದಿತ್ತು: ಹೆಂಗಸರಿಗೆ. ಆಪಾ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, “ನಾವು ಹುಟ್ಟೂದಕಿಂತ ಮೊದಲ ನಮ್ಮ ಸೀಟು ಹಿಡಿದಿಟ್ಟಾರ ನೋಡ್ರಿ” ಅಂದಳು.

ಇಲ್ಲಿಯ ತನಕ ಎಲ್ಲ ಸುರಳೀತ. ತಪ್ಪಾದದ್ದು ಡಬ್ಬಿ ಇಟ್ಟ ಜಾಗದಲ್ಲಿ. ಬುನಾದಿ ಇಲ್ಲವಲ್ಲ, ಅದಕ್ಕೆ ಎಲ್ಲಿ ನೆಲ ಗಟ್ಟಿಯಿದೆ ನೋಡಿ ಅಲ್ಲೇ ಕಲ್ಲಿನ ಮೇಲೆ ಕೂರಿಸಿದ್ದೆವು. ನೆಲ ಅಲ್ಲಿ ಯಾಕೆ ಗಟ್ಟಿಯಿತ್ತು ಎಂದು ಒಬ್ಬರೂ ಯೋಚಿಸಲಿಲ್ಲ. ಆ ಓಣಿಯಿಂದ ಈ ಓಣಿಗೆ ಜನ ಓಡಾಡಿದ ಕಾಲುದಾರಿ ಅದು. ಆಚೀಚೆ ಮನೆಗಳ ಗೋಡೆ, ನಡುವೆ ಅಡ್ಡಲಾಗಿ ಡಬ್ಬಿ, ಡಬ್ಬಿಗೆ ಎದುರುಬದುರು ಎರಡು ಬಾಗಿಲು. ಮಶಿನ್ ಇಟ್ಟ ಮರುದಿನವೇ ಜನ ಈ ಬಾಗಿಲಿನಿಂದ ಹತ್ತಿ ಆ ಬಾಗಿಲಿನಿಂದ ಇಳಿಯತೊಡಗಿದರು. ಹೆಂಗಸರಿಗೆ ಎಂಬ ಅಕ್ಷರ ತೋರಿಸಿ ಗಂಡಸರನ್ನು ಆಪಾ ನಿಲ್ಲಿಸಿದಳು. ಕೊಡ ಹೊತ್ತ ಹೆಂಗಸರನ್ನು ಏನಂತ ನಿಲ್ಲಿಸುವುದು? ಅವರ ಹಿಂದೆ ಆಡುಗಳೂ ಬಂದವು. ಯಾರದೋ ಮದುವೆಯ ಜಂಪರಿನ ತೋಳನ್ನು ಒಂದು ಆಡು ತಿಂದ ದಿನ ಆಪಾ ನನ್ನ ವಖಾರಿಗೆ ಬಂದು ನಿಂತಳು.

“ಅಣ್ಣಾರ, ಡಬ್ಬಿ ಭಾಳ ಛಲೋ ಆಗೇತಿ. ಆದರ ಇದು ಹೊಲಿಗಿ ಸಾಲಿನೋ, ಸಂದಿನೋ? ಐತವಾರ ನಮ್ಮಣ್ಣ ಟೆಂಪೋ ಕಳಸತಾನಂತ. ಅಷ್ಟರಾಗ ಒಂದು ಬಾಗಲಾ ಮುಚ್ಚಸ್ರಿ, ಇಲ್ಲಾಂದ್ರ ಮಶಿನ್ ಹೇರಾಕ ಮಂದಿ ಕೊಡ್ರಿ.”

ಒಂದು ಬಾಗಿಲು ಮುಚ್ಚಬೇಕು, ಸರಿ. ಯಾವುದು? ಹಾದುಹೋಗುವವರೆಲ್ಲ ಇನ್ನು ಬಜಾರ ಸುತ್ತಲೇಬೇಕು, ಮುಚ್ಚಿದ ಕಡೆಯ ಹುಡುಗಿಯರೂ ಸುತ್ತಿ ಬರಬೇಕು. ಅದಕ್ಕಿಂತ ದೊಡ್ಡದು ಮರ್ಯಾದೆ. ಡಬ್ಬಿಯ ಬೆನ್ನು ಯಾವ ಓಣಿಗೆ? ತಾವು ಎಳೆಸದಿದ್ದರೆ ಡಬ್ಬಿ ಇನ್ನೂ ಬಸ್‌ಸ್ಟ್ಯಾಂಡಿನ ಬಳಿ ಇರುತ್ತಿತ್ತು ಅಂತ ಕಾಕಾ. ತಾವು ತರದಿದ್ದರೆ ಹುಬ್ಬಳ್ಳಿಯಲ್ಲೇ ಒಲೆಗೆ ಹೋಗುತ್ತಿತ್ತು ಅಂತ ಚಾಚಾ. ಶುಕ್ರವಾರ ಸಂಜೆ ಎರಡೂ ಓಣಿಯವರು ಕೂಡಿದರು. ಇಬ್ಬರು ಹಿರಿಯರೂ ತಮ್ಮ ತಮ್ಮ ಜನರ ಮುಂದೆ ಒಂದು ಅಂಗುಲ ಸರಿಯಲಿಲ್ಲ. ಸರಿಯುವುದು ಹೇಗೆ? ಅಷ್ಟು ಕಣ್ಣುಗಳು ನೋಡುವಾಗ ನಾನಾದರೂ ಸರಿಯುತ್ತಿರಲಿಲ್ಲ.

ಆಗ ನನಗೆ ದನದ ಸಂತೆ ನೆನಪಾಯಿತು. ಅಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲಾಲಿ ಟವೆಲ್ಲಿನ ಕೆಳಗೆ ಕೈ ಹಿಡಿಯುತ್ತಾನೆ, ಬೆರಳು ಅದುಮಿ ಲೆಕ್ಕ ಹೇಳುತ್ತಾರೆ. ಸುತ್ತ ನಿಂತವರಿಗೆ ಯಾರು ಎಷ್ಟು ಇಳಿದರು ಗೊತ್ತಾಗುವುದಿಲ್ಲ. ಕಾಕಾ ಕೊಳ್ಳುವವರು, ಚಾಚಾ ಸಾಗಿಸುವವರು, ಇಬ್ಬರಿಗೂ ಅದು ಕರತಲಾಮಲಕ. ನಾನು ಹೆಗಲ ಮೇಲಿನ ಟವೆಲ್ ತೆಗೆದು ಡಬ್ಬಿಯ ಮೆಟ್ಟಿಲ ಮೇಲೆ ಕೂತೆ.

“ಕಾಕಾರ, ಕೈ ಕೊಡ್ರಿ” ಅಂದೆ.

“ಏನಲೇ, ಡಬ್ಬಿ ಏನ ಹೋರಿ ಅಂತ ತಿಳದಿಯೇನ?” ಅಂದರು ಕಾಕಾ. ಆದರೂ ಕೈ ಕೊಟ್ಟರು. ಬಹಳ ವರ್ಷದ ರೂಢಿ, ಟವೆಲ್ ಕಂಡರೆ ಆ ಕೈ ತಾನಾಗಿ ಮುಂದೆ ಬರುತ್ತದೆ.

ಬಾಗಿಲು ಬಿಟ್ಟುಕೊಟ್ಟವರಿಗೆ ಹೆಚ್ಚು ಮಶಿನ್ ಎಂದು ಅವರ ಕಿವಿಯಲ್ಲಿ ಹೇಳಿ, ಎಂಟರಲ್ಲಿ ಎಷ್ಟು ಬೇಕು ಎಂದು ಕೇಳಿದೆ. ಕಾಕಾ ಆರು ಅದುಮಿದರು. ಚಾಚಾರ ಕೈ ಹಿಡಿದರೆ ಮೇಲಿನ ಓಣಿಗೆ ಅವರು ಬಿಡಲು ಒಪ್ಪಿದ್ದು ನಾಲ್ಕೇ. ಮತ್ತೆ ಆ ಕಡೆ, ಮತ್ತೆ ಈ ಕಡೆ. ಬಾಯಲ್ಲಿ ಇಬ್ಬರೂ ಆಗೋದಿಲ್ಲ ಹೋಗಪಾ ಅಂತಲೇ ಅನ್ನುತ್ತಿದ್ದರು, ಬೆರಳು ಮಾತ್ರ ಸಡಿಲಾಗುತ್ತಿದ್ದವು. ಕಡೆಗೆ ಐದಕ್ಕೆ ಕುದುರಿತು. ಐದು ಮಶಿನ್ ಮೇಲಿನ ಓಣಿಯ ಹುಡುಗಿಯರಿಗೆ, ಬಾಗಿಲು ಕೆಳಗಿನ ಓಣಿಗೆ. ಎದ್ದು ನಿಂತು ಕಾಕಾ ತಮ್ಮವರಿಗೆ ಗೆದ್ದೆ ಅಂದರು, ಚಾಚಾ ತಮ್ಮವರಿಗೆ ಗೆದ್ದೆ ಅಂದರು. ಎರಡೂ ಕಡೆ ಚಪ್ಪಾಳೆ ಬಿತ್ತು.

ಆಪಾ ಎಲ್ಲ ಕೇಳಿಸಿಕೊಂಡು ಒಂದು ಮಾತು ಕೂಡಿಸಿದಳು. ಮೇಲಿನ ಓಣಿಯ ಕಡೆಗೆ ಒಂದು ಖಿಡಕಿ ದಿನವಿಡೀ ತೆರೆದಿರಲಿ, ಅಲ್ಲಿಂದ ಬಟ್ಟೆ ಕೊಡಲಿ, ಹೊಲಿದದ್ದು ಒಯ್ಯಲಿ ಅಂದಳು. ಶನಿವಾರ ಬಾಗಿಲಿಗೆ ಹಲಗೆ ಬಡಿದೆವು. ಭಾನುವಾರ ರಾಮದುರ್ಗದ ಟೆಂಪೋ ಬಂದೇ ಬಂತು. ಅದರಲ್ಲಿ ಬಂದಿದ್ದ ಅಣ್ಣನಿಗೆ ಆಪಾ ಡಬ್ಬಿಯಲ್ಲೇ ಊಟ ಬಡಿಸಿ, ಟೆಂಪೋವನ್ನು ಖಾಲಿ ಕಳಿಸಿದಳು. ಆ ರಮಜಾನಿಗೆ ಖಿಡಕಿಯ ಮುಂದೆ ಟಿಕೆಟ್ ತೆಗೆಸುವವರ ಹಾಗೆ ಸಾಲು ನಿಂತಿತ್ತು. ಐದು ಮೂರರ ಲೆಕ್ಕವನ್ನು ಅವಳು ಪಾಲಿಸಿದ್ದು ಹಬ್ಬದ ತನಕ ಮಾತ್ರ. ಆಮೇಲೆ ಮೊದಲು ಬಂದವರಿಗೆ ಮಶಿನ್. ಅಷ್ಟರಲ್ಲಿ ಕಾಕಾರ ಸೊಸೆಯೇ ಬಜಾರ ಸುತ್ತಿ ಎಲ್ಲರಿಗಿಂತ ಮೊದಲು ಬಂದು ಕೂಡುತ್ತಿದ್ದಳು, ಹಾಗಾಗಿ ಕೇಳುವವರು ಉಳಿಯಲಿಲ್ಲ.

ನೀವೂ ಇಂಥದ್ದಕ್ಕೆ ಕೈ ಹಾಕುವವರಿದ್ದರೆ ಕೇಳಿ. ಹಳೇ ಮರ ಕೊಳ್ಳುವಾಗ ನಡುವಿನ ಹೊಳಪು ನೋಡಬೇಡಿ, ಕೆಳಗಿನ ಮೂಲೆಗಳಿಗೆ ಮೊಳೆ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಅಷ್ಟು ಬೆಲೆ ಕಡಿಮೆ ಮಾಡಿಸಿ. ಕೊಂಡಿ, ಕೀಲು, ಚಿಲಕ ಎಲ್ಲ ಸೇರಿ ಎಂದು ಬೆಲೆ ಕುದುರುವ ಮೊದಲೇ ಹೇಳಿಸಿಕೊಳ್ಳಿ, ಆಮೇಲೆ ಬಿಚ್ಚಿಕೊಳ್ಳುತ್ತಾರೆ. ತರುವ ಮೊದಲು ನಿಮ್ಮ ಓಣಿಯ ತಿರುವನ್ನು ಹಗ್ಗ ಹಿಡಿದು ಅಳೆಯಿರಿ. ಇಡುವ ಜಾಗದಲ್ಲಿ ಒಂದು ದಿನ ಬೆಳಗಿನಿಂದ ಸಂಜೆವರೆಗೆ ಕುರ್ಚಿ ಹಾಕಿಕೊಂಡು ಕೂತು ಯಾರು ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ ನೋಡಿ. ಮತ್ತೆ ಹಿರಿಯರ ಪಂಚಾಯ್ತಿಗೆ ಹೋಗುವಾಗ ಹೆಗಲ ಮೇಲೆ ಟವೆಲ್ ಇರಲಿ, ಸ್ವಲ್ಪ ಅಗಲದ್ದೇ ಕೊಳ್ಳಿ. ಗಿಡ್ಡ ಟವೆಲ್ಲಿನಲ್ಲಿ ಹೆಬ್ಬೆರಳು ಹೊರಗೆ ಕಾಣುತ್ತದೆ.