ಜರಡಿಯ ಮೇಲೆ ಉಳಿದ ಕಲ್ಲು

ನಿವೃತ್ತಿಗೆ ನಾಲ್ಕು ವರ್ಷವಿದ್ದಾಗ ನಾನು ತುಮಕೂರಿನ ಅಂತರಸನಹಳ್ಳಿಯ ಒಂದು ಖಾಸಗಿ ಲ್ಯಾಬಿನಲ್ಲಿ ಮುಖ್ಯ ರಸಾಯನಜ್ಞನಾಗಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ತಕ್ಕಡಿ ಸರಿನೋಡುವುದು, ಸಂಜೆ ಐದಕ್ಕೆ ರಿಜಿಸ್ಟರಿಗೆ ಸಹಿ. ಈ ಕ್ರಮ ಒಂದು ದಿನವೂ ತಪ್ಪಿರಲಿಲ್ಲ.

ಗುಬ್ಬಿ ತಾಲ್ಲೂಕಿನ ಒಂದು ತೆರೆದ ಗಣಿಯಿಂದ ಓವರ್‌ಬರ್ಡನ್ ಪರೀಕ್ಷೆಗೆ ಬಂತು. ಕಲ್ಲಿದ್ದಲಾಗಲಿ ಅದಿರಾಗಲಿ, ಅದು ಸಿಗುವ ಮೊದಲು ಮೇಲಿನಿಂದ ಅಗೆದು ಹಾಕುವ ಮಣ್ಣು-ಕಲ್ಲಿಗೆ ಈ ಹೆಸರು. ಸಿ.ಎಸ್. ಪುರದ ಕಡೆಯ ಗಂಗಮ್ಮ ಎಂಬ ರೈತ ಮಹಿಳೆಯ ತಗ್ಗು ಜಮೀನಿಗೆ ಅದನ್ನು ಪುಕ್ಕಟೆ ತುಂಬಿಕೊಡುವುದಾಗಿ ಗಣಿಯವರು ಒಪ್ಪಿದ್ದರು. ಲ್ಯಾಬ್ ರಿಪೋರ್ಟ್ ನೋಡದೆ ಒಂದು ಲಾರಿಯನ್ನೂ ಒಳಗೆ ಬಿಡುವುದಿಲ್ಲ ಎಂದು ಪಟ್ಟು ಹಿಡಿದದ್ದು ಆಕೆಯೇ.

ಮಣ್ಣು ಪರೀಕ್ಷೆಯ ಪದ್ಧತಿಯಲ್ಲಿ ಎರಡು ಮಿಲಿಮೀಟರ್ ಜರಡಿ ಹಿಡಿದು, ಕೆಳಗೆ ಬಿದ್ದ ಮಣ್ಣನ್ನಷ್ಟೇ ಪರೀಕ್ಷಿಸುತ್ತೇವೆ. ಟೆಕ್ನಿಷಿಯನ್ ನಾಗರತ್ನಮ್ಮ ಜರಡಿ ಹಿಡಿದು ನಿಂತಿದ್ದರು.

"ಸಾರ್, ಮಣ್ಣಿಗಿಂತ ಕಲ್ಲೇ ಜಾಸ್ತಿ ಇದೆ. ಎಸೆದುಬಿಡ್ಲಾ?"

"ಪುಸ್ತಕದಲ್ಲಿ ಏನಿದೆಯೋ ಹಾಗೆ ಮಾಡ್ರಮ್ಮ," ಎಂದೆ.

ಮಣ್ಣಿನ pH 6.9 ಬಂತು. ಏಳು ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. 'ಬೇಸಾಯಕ್ಕೆ ಯೋಗ್ಯ' ಎಂದು ಬರೆದು ಸಹಿ ಹಾಕಿದೆ. ಅದನ್ನು ನೋಡಿ ಗಂಗಮ್ಮ ಲಾರಿಗಳನ್ನು ಒಳಗೆ ಬಿಟ್ಟರು.

ಮೂರು ಮಳೆಗಾಲ ಕಳೆದ ಮೇಲೆ ಗಂಗಮ್ಮ ಒಂದು ಚೀಲ ಹೊತ್ತು ಲ್ಯಾಬಿಗೇ ಬಂದರು. ಮೂವತ್ತು ತೆಂಗಿನ ಸಸಿಗಳ ಸುಳಿ ಒಣಗಿತ್ತು, ಕಾಲುವೆ ನೀರು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಚೀಲದೊಳಗಿದ್ದವು ಕಪ್ಪು ಕಲ್ಲಿನ ಚೂರುಗಳು, ಕೈಯಲ್ಲಿ ಹಿಸುಕಿದರೆ ಪುಡಿಯಾಗುವಂಥವು.

ಈ ಸಲ ಕಲ್ಲನ್ನು ಅರೆದು ಪರೀಕ್ಷಿಸಿದೆ. pH 2.8, ನಿಂಬೆರಸದ ಹತ್ತಿರದ ಹುಳಿ. ಕಲ್ಲಿನಲ್ಲಿ ಪೈರೈಟ್ ಇತ್ತು, ಅಂದರೆ ಗಂಧಕ ಬೆರೆತ ಕಬ್ಬಿಣ. ಗಾಳಿ, ನೀರು ತಾಗಿದರೆ ಅದರಿಂದ ಆಮ್ಲ ಹುಟ್ಟುತ್ತದೆ. ಮೊದಲ ಸಲ ಜರಡಿ ಹಿಡಿದು ಕಲ್ಲನ್ನು ಬಿಟ್ಟದ್ದನ್ನು ಮುಚ್ಚಿಡದೆ ಆಕೆಗೆ ಹೇಳಿದೆ.

"ನೀವು ಜರಡಿ ಹಿಡುದ್ರಿ, ಸರಿ," ಎಂದರು ಗಂಗಮ್ಮ. "ಲಾರಿಯವ್ನೇನು ಜರಡಿ ಹಿಡ್ದು ಸುರುದ್ನಾ ಸಾರ್?"

ಎರಡನೇ ವರದಿ ಬರೆದು ಗಣಿಗೆ ಕಳಿಸಿದೆ. ಮ್ಯಾನೇಜರ್ ಫೋನ್ ಮಾಡಿದರು.

"ಮೊದಲನೇ ರಿಪೋರ್ಟು ಪದ್ಧತಿ ಪ್ರಕಾರವೇ ಮಾಡಿದ್ದಲ್ವಾ ಸಾರ್?"

"ಪದ್ಧತಿ ಸರಿ ಇತ್ತು, ಆದರೆ..."

"ಅಷ್ಟು ಹೇಳಿದ್ರಲ್ಲ, ಸಾಕು ಬಿಡಿ."

ಗಣಿಯವರು ಒಂದು ಬುಟ್ಟಿ ಕಲ್ಲನ್ನೂ ವಾಪಸ್ ಎತ್ತಲಿಲ್ಲ. ಗಂಗಮ್ಮ ಎಲ್ಲಿ ದೂರು ಕೊಟ್ಟರೂ ಅವರು ಮುಂದಿಟ್ಟದ್ದು ನನ್ನ ಮೊದಲ ವರದಿಯನ್ನು. ಆ ಜಮೀನಿನಲ್ಲಿ ಇವತ್ತಿಗೂ ಹುಲ್ಲು ಹುಟ್ಟಿಲ್ಲ.

ನಾನು ನಿಯಮ ಮೀರಿರಲಿಲ್ಲ. ನಿಯಮದಿಂದ ಬಚಾವಾದದ್ದು ನಾನು ಮತ್ತು ಗಣಿಯವರು ಮಾತ್ರ. ಏನನ್ನು ಪರೀಕ್ಷಿಸಿಲ್ಲ ಎಂಬುದನ್ನು ವರದಿಯ ಮೊದಲ ಸಾಲಿನಲ್ಲೇ ಬರೆಯಬೇಕೆಂದು ಈ ಕೆಲಸ ನನಗೆ ತಡವಾಗಿ ಕಲಿಸಿತು. 'ಕಲ್ಲನ್ನು ಪರೀಕ್ಷಿಸಿಲ್ಲ' ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು, ಗಂಗಮ್ಮ ಆ ಲಾರಿಗಳನ್ನು ಬದುವಿನಿಂದಲೇ ವಾಪಸ್ ಕಳಿಸುತ್ತಿದ್ದರು.